ಹೇಸರಗತ್ತೆ ಹಾಡಿದ್ದೇನು

ನನ್ನ ಕೆಲಸ ಬೀಜಗಳನ್ನು ನೋಡುವುದು. ನವುಲೆಯ ಕೃಷಿ ಕಾಲೇಜಿನ ಆವರಣದಲ್ಲಿ, ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟ ಭತ್ತದ ಕಾಳುಗಳಲ್ಲಿ ಯಾವುದು ಮೊಳೆತಿದೆ, ಯಾವುದು ಊದಿಕೊಂಡು ಮೊಳೆತಂತೆ ಕಾಣುತ್ತಿದೆ, ಯಾವುದು ಸತ್ತಿದೆ ಎಂದು ನೋಡಿ ಬರೆಯುತ್ತೇನೆ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ಹೀಗಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಬರೆಯಬಾರದು ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ಹೇಳಿಕೊಟ್ಟಿದ್ದರು. ಈ ಸಂಗತಿಯನ್ನೂ ಹಾಗೆಯೇ ಬರೆಯಲು ನೋಡುತ್ತೇನೆ. ಇದರ ನಡುವೆ ಒಂದು ಗಳಿಗೆ ಇದೆ. ಆಗ ಮಗಳು ನನ್ನ ಕೈತಪ್ಪಿ ಹೋಗುವುದರಲ್ಲಿದ್ದಳು. ಆದರೆ ನಾನು ಬರೆಯಹೊರಟದ್ದು ಆ ಗಳಿಗೆಯ ಬಗ್ಗೆ ಅಲ್ಲ. ಸಿನಿಮಾದಲ್ಲಿ ಒಂದು ಹೇಸರಗತ್ತೆ ಏನು ಹಾಡಿತು ಎಂಬುದನ್ನು ನನ್ನ ಮಗಳು ಹಟ ಹಿಡಿದು ತಿಳಿದುಕೊಂಡ ಬಗ್ಗೆ.

ಮಗಳಿಗೆ ಕಿವಿ ಕೇಳಿಸುವುದಿಲ್ಲ. ಮಾತು ಕಲಿಯುವ ಮೊದಲೇ ಬಂದ ಜ್ವರ ಕೇಳುವ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಕಿವಿಗೆ ಯಂತ್ರ ಹಾಕಿಕೊಂಡರೆ ಬಸ್ಸಿನ ಹಾರ್ನು, ಡೋಲಿನ ಪೆಟ್ಟು, ಬಾಗಿಲು ಬಡಿದದ್ದು ಗೊತ್ತಾಗುತ್ತದೆ. ಮಾತು ಮಾತಾಗಿ ತಲುಪುವುದಿಲ್ಲ. ವಿನೋಬನಗರದ ನಮ್ಮ ಮನೆಯ ಹತ್ತಿರದ ಶಾಲೆಗೇ ಹೋಗುತ್ತಾಳೆ. ಎದುರಿಗೆ ನಿಂತು ಕನ್ನಡ ಮಾತಾಡಿದರೆ ತುಟಿ ನೋಡಿಯೇ ಬಹಳಷ್ಟು ಹಿಡಿಯುತ್ತಾಳೆ. ಬಾಯಿಂದಲೂ ಮಾತಾಡುತ್ತಾಳೆ, ಆದರೆ ಅದು ಮನೆಯವರಿಗೆ ಮತ್ತು ಕೆಳಗಿನ ಮನೆಯ ಗೆಳತಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅವಳಪ್ಪ ಕೆಲಸದ ಮೇಲೆ ಊರೂರು ತಿರುಗುವವರು. ಹಾಗಾಗಿ ವಾರದ ಹೆಚ್ಚಿನ ದಿನ ಮನೆಯಲ್ಲಿ ನಾವಿಬ್ಬರೇ, ಮತ್ತು ನಮ್ಮ ನಾಲ್ಕು ಕೈಗಳು.

ನಮ್ಮ ಕೈಮಾತು ಒಂದೇ ಕಡೆಯಿಂದ ಬಂದದ್ದಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಸ್ವಲ್ಪ ಕಾಲ ಇದ್ದಾಗ ಕಲಿತ ಸನ್ನೆಗಳು ಇವೆ. ಉಳಿದದ್ದರಲ್ಲಿ ಬಹುಪಾಲು ನನ್ನ ತಂದೆಯವು. ಅಪ್ಪಾಜಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದವರು. ಮೇಲೆ ಕ್ರೇನಿನ ಗೂಡಿನಲ್ಲಿ ಕೂತವನಿಗೆ ಕೆಳಗೆ ನಿಂತು ಕೈಸನ್ನೆ ಕೊಡುವುದು ಅವರ ಕೆಲಸವಾಗಿತ್ತು. ಆ ಸದ್ದಿನಲ್ಲಿ ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲವಂತೆ. ತೋರುಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು, ಕೆಳಗೆ ಮಾಡಿದರೆ ಇಳಿಸು, ಅಂಗೈ ಬಿಡಿಸಿ ಚಾಚಿದರೆ ನಿಲ್ಲು. ಮೊಮ್ಮಗಳಿಗೆ ಕೇಳಿಸುವುದಿಲ್ಲ ಎಂದು ಗೊತ್ತಾದಾಗ ನಾವೆಲ್ಲ ಅಳುತ್ತಿದ್ದರೆ, ಅಪ್ಪಾಜಿ ಮಗುವನ್ನು ಮಂಚದ ಮೇಲೆ ಕೂರಿಸಿ, ಹಾಲಿನ ಲೋಟವನ್ನು ಎತ್ತಿ ಇಳಿಸಿ, ಬೆರಳು ಸುತ್ತಿಸಿ ತೋರಿಸುತ್ತಿದ್ದರು. ಅವಳ ಮೊದಲ ಮಾತು 'ಎತ್ತು'. ಅದನ್ನು ಬೆರಳಲ್ಲಿ ಹೇಳಿದಳು.

ಇನ್ನೊಂದಿಷ್ಟು ಸನ್ನೆಗಳು ಪುಸ್ತಕದಿಂದ ಬಂದವು. ಬೇರೆ ದೇಶದಲ್ಲಿ ಯಾರೋ ಬಹಳ ಹಿಂದೆ ಬರೆದ ಮಕ್ಕಳ ಕಥೆಗಳ ಸಾಲು ಅದು. ಕನ್ನಡಕ್ಕೂ ಬಂದಿತ್ತು. ನಾನು ಭದ್ರಾವತಿಯ ನ್ಯೂ ಟೌನಿನಲ್ಲಿ ಬೆಳೆಯುವಾಗ ಅಪ್ಪಾಜಿ ಒಂದೊಂದಾಗಿ ತಂದುಕೊಟ್ಟಿದ್ದರು. ಎತ್ತರದ ಬೆಟ್ಟಗಳ ನಾಡು. ಅಲ್ಲಿ ಅಪ್ಪ ಅಮ್ಮ ಇಲ್ಲದ ಒಬ್ಬ ಹುಡುಗಿ ಹೇಸರಗತ್ತೆಯ ಮೇಲೆ ಅಂಚೆಚೀಲ ಹೇರಿಕೊಂಡು ಹಳ್ಳಿ ಹಳ್ಳಿಗೆ ಕಾಗದ ಹಂಚುತ್ತಾಳೆ. ಮಕ್ಕಳ ಕಥೆಗಳಲ್ಲಿ ಪ್ರಾಣಿಗಳು ಮಾತಾಡುವುದು ವಾಡಿಕೆ. ಈ ಹೇಸರಗತ್ತೆ ಮಾತಾಡುವುದಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಕಥೆ ಬೆಳೆದರೂ ಒಂದು ಸಲವೂ ಬಾಯಿ ಬಿಡುವುದಿಲ್ಲ. ಹೇಳುವುದನ್ನೆಲ್ಲ ಕಿವಿಯಲ್ಲೇ ಹೇಳುತ್ತದೆ. ಎರಡೂ ಕಿವಿ ಮುಂದಕ್ಕೆ ಬಂದರೆ ದಾರಿಯಲ್ಲಿ ಯಾರೋ ಇದ್ದಾರೆ. ಒಂದೇ ಕಿವಿ ಹಿಂದೆ ತಿರುಗಿದರೆ ಏನೋ ಮರೆತು ಬಂದಿದ್ದೀಯ. ಎರಡೂ ಮಲಗಿದರೆ ಆಗುವುದಿಲ್ಲ, ನಾನು ಬರುವುದಿಲ್ಲ.

ಮಗಳು ಓದಲು ಕಲಿತ ಮೇಲೆ ಆ ಪುಸ್ತಕಗಳಿಗೆ ಅಂಟಿಕೊಂಡಳು. ಯಾಕೆಂದು ಕೇಳಬೇಕಾಗಿರಲಿಲ್ಲ. ಬೇಳೆ ಸಾರಿಗೆ ಉಪ್ಪು ಮರೆತಿದ್ದರೆ ತಟ್ಟೆ ಮುಂದೆ ಕೂತು ಒಂದು ಕೈಯನ್ನು ತಲೆಯ ಪಕ್ಕ ಕಿವಿಯ ಹಾಗೆ ಹಿಡಿದು ಹಿಂದಕ್ಕೆ ತಿರುಗಿಸುತ್ತಿದ್ದಳು. ಸ್ನಾನಕ್ಕೆ ಕರೆದರೆ ಎರಡೂ ಕೈ ಮಲಗುತ್ತಿದ್ದವು.

ಹೋದ ವರ್ಷ ಆ ಪುಸ್ತಕಗಳು ಸಿನಿಮಾ ಆದವು ಎಂಬ ಸುದ್ದಿ ಬಂತು. ಹಾಡುಗಳೇ ತುಂಬಿದ ಸಿನಿಮಾ. ಅರ್ಧ ಕಥೆಯನ್ನು ಹಾಡಿನಲ್ಲೇ ಹೇಳುತ್ತಾರಂತೆ. ಕೆಳಗಿನ ಮನೆಯ ಹುಡುಗಿಗೆ ಮೊಬೈಲಿನಲ್ಲಿ ಆಗಲೇ ಒಂದು ಹಾಡು ಸಿಕ್ಕಿತ್ತು. ಅವಳಪ್ಪ ಬೈಕ್ ಮೆಕ್ಯಾನಿಕ್. ಮನೆಯಲ್ಲಿ ಅವರು ದಖ್ನಿ ಉರ್ದು ಮಾತಾಡುತ್ತಾರೆ, ಇವಳು ಹಾಡುವುದೆಲ್ಲ ಕನ್ನಡ ಹಾಡು. ಶಾಲೆಯ ಗೆಳತಿಯರೆಲ್ಲ ಒಟ್ಟಿಗೆ ಹೋಗುವುದೆಂದಾಯಿತು. ಅವರಲ್ಲಿ ಯಾರೂ ಪುಸ್ತಕ ಓದಿರಲಿಲ್ಲ. ಹೋಗುವ ಹಿಂದಿನ ಸಂಜೆ ನನ್ನ ಮಗಳು ಎಲ್ಲರನ್ನೂ ನಮ್ಮ ಮನೆಯ ನಡುಮನೆಯಲ್ಲಿ ಕೂರಿಸಿ, ಯಾರು ಒಳ್ಳೆಯವರು, ಯಾರು ನಂಬಬಾರದವರು, ಹೇಸರಗತ್ತೆಯ ಕಿವಿಯನ್ನು ಹೇಗೆ ಓದಬೇಕು ಎಂದು ಪಾಠ ಮಾಡಿದಳು. ಅರ್ಥವಾಗದ ಕಡೆ ಕೆಳಗಿನ ಮನೆಯ ಹುಡುಗಿ ಬಿಡಿಸಿ ಹೇಳುತ್ತಿದ್ದಳು. ಅಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತ ಕೂತದ್ದು ಅವಳಿಗೆ ಅದೇ ಮೊದಲು.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಊರಿನ ಮಾಲಿನಲ್ಲಿ ಆ ಸಿನಿಮಾ ಇಂಗ್ಲಿಷಿನಲ್ಲೂ ಇತ್ತು, ಕನ್ನಡದಲ್ಲೂ ಇತ್ತು. ಇಂಗ್ಲಿಷಿನದಕ್ಕೆ ಕೆಳಗೆ ಅಕ್ಷರ ಬರುತ್ತಿತ್ತು. ಅವಳು ತುಟಿ ಓದುವುದು ಕನ್ನಡದಲ್ಲಿ ಮಾತ್ರ, ಹಾಗಾಗಿ ಕನ್ನಡದ್ದಕ್ಕೇ ಹೋಗೋಣ ಎಂದು ತೀರ್ಮಾನಿಸಿದೆವು. ಅವಳೂ ಒಪ್ಪಿದಳು. ಕನ್ನಡದಲ್ಲಿ ಬರುವುದು ಧ್ವನಿ ಮಾತ್ರ, ತುಟಿ ಬೇರೆ ದೇಶದ್ದೇ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಅವಳು ನನ್ನ ತೋಳು ಹಿಡಿದಳು. ಪರದೆಯ ಬೆಳಕಿನಲ್ಲಿ ಅವಳ ಕೈ ಕೇಳಿತು, "ಇವರೆಲ್ಲ ಏನು ಅಗೀತಿದಾರೆ?"

ನಾನು ಕೈಯಲ್ಲಿ ಹೇಳಲು ಹೊರಟೆ. ಕತ್ತಲೆಯ ದೃಶ್ಯ ಬಂದಾಗ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಬೆಳಕು ಬಂದಾಗ ಹಾಡು ಮುಂದೆ ಹೋಗಿರುತ್ತಿತ್ತು. ಅವಳು ನನ್ನನ್ನು ನೋಡಿದರೆ ಪರದೆ ತಪ್ಪುತ್ತಿತ್ತು, ಪರದೆಯನ್ನು ನೋಡಿದರೆ ನಾನು ತಪ್ಪುತ್ತಿದ್ದೆ. ಆಮೇಲೆ ಹೇಸರಗತ್ತೆ ಬಂತು. ನಿಜವಾದ ಪ್ರಾಣಿಯೇ, ಬಾಯಿಯನ್ನು ಮಾತ್ರ ಕಂಪ್ಯೂಟರಿನಲ್ಲಿ ಆಡಿಸಿದ್ದರು. ಕಡಿದಾದ ದಾರಿಯಲ್ಲಿ ನಿಂತಿತು, ಬಾಯಿ ತೆರೆಯಿತು, ಗಂಡಸಿನ ದಪ್ಪ ದನಿಯಲ್ಲಿ ಹಾಡಿತು. ಇಡೀ ಹಾಲು ನಕ್ಕಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ನಗು ಬಂತು. ಪಕ್ಕಕ್ಕೆ ತಿರುಗಿದರೆ ಅವಳು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ನಗುವನ್ನು ನೋಡುತ್ತಿದ್ದಳು. ಎದ್ದಳು. ಬಚ್ಚಲಿಗೆ ಎಂದುಕೊಂಡು ನಾನು ಕಾಲು ಸರಿಸಿ ದಾರಿ ಬಿಟ್ಟೆ.

ಹಾಡು ಮುಗಿದು, ಮುಂದಿನ ದೃಶ್ಯ ಅರ್ಧ ಆದರೂ ಅವಳು ಬರಲಿಲ್ಲ. ಹೊರಗೆ ಹೋಗಿ ನೋಡಿದೆ. ಹೆಂಗಸರ ಬಚ್ಚಲಿನ ಬಾಗಿಲುಗಳೆಲ್ಲ ತೆರೆದಿದ್ದವು. ಪಾಪ್‌ಕಾರ್ನ್ ಮಾರುವವನನ್ನು ಕೇಳಿದೆ; ನೀಲಿ ಚೂಡಿದಾರದ ಹುಡುಗಿ ಮೆಟ್ಟಿಲು ಇಳಿದು ಹೋದಳು ಅಂದ. ನಮ್ಮ ಸ್ಕೂಟರ್ ನೆಲಮಾಳಿಗೆಯಲ್ಲಿತ್ತು. ಬೇರೆಲ್ಲೂ ಹುಡುಕದೆ ನೇರ ಅಲ್ಲಿಗೆ ಓಡಿದೆ.

ಇಳಿಜಾರಿನ ತಿರುವಿನಲ್ಲಿ ನನಗೆ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮೊದಲು ನಮ್ಮ ಸ್ಕೂಟರ್ ಕಂಡಿತು. ಅದರ ಪಕ್ಕ ಒಂದು ಕಾರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಆ ಜಾಗದ ಕೊನೆಯಲ್ಲಿ, ಗಾಲಿ ತಡೆಯಲು ಹಾಕಿದ ಸಿಮೆಂಟಿನ ದಿಂಡಿನ ಮೇಲೆ, ಗೋಡೆಗೆ ಮುಖ ಮಾಡಿ ಅವಳು ಕೂತಿದ್ದಳು. ತಲೆಗೆ ನನ್ನ ಹೆಲ್ಮೆಟ್ ಹಾಕಿಕೊಂಡಿದ್ದಳು. ಹೆಲ್ಮೆಟ್ ಒಳಗೆ ಕಿವಿಯ ಯಂತ್ರ ಕೀಂ ಎಂದು ಕೂಗುತ್ತದೆ, ಅದಕ್ಕೆ ಯಂತ್ರ ತೆಗೆದೇ ಹಾಕಿಕೊಳ್ಳುವುದು ಅವಳ ಅಭ್ಯಾಸ. ಒಂದು ಬಿಳಿ ಕಾರು ಹಿಮ್ಮುಖವಾಗಿ ಆ ಜಾಗಕ್ಕೇ ಬರುತ್ತಿತ್ತು. ಕಾವಲುಗಾರ ಸೀಟಿ ಊದುತ್ತಿದ್ದ. ಅವಳು ಏಳಲಿ ಎಂದು ಅವನು ಊದುತ್ತಿದ್ದ. ತನಗೆ ಬಾ ಎನ್ನುತ್ತಿದ್ದಾನೆ ಎಂದು ಕಾರಿನವನು ಬರುತ್ತಿದ್ದ. ನಾನು ಅವಳ ಹೆಸರು ಹಿಡಿದು ಕೂಗಿದೆ. ಕೂಗಿ ಉಪಯೋಗವಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೂಗಿದೆ. ಕಾವಲುಗಾರ ಸೀಟಿ ಬಿಟ್ಟು ಓಡಿ ಬಂದು ಕಾರಿನ ಹಿಂಬದಿಗೆ ಎರಡೂ ಕೈಯಿಂದ ಗುದ್ದಿದ. ಕಾರು ನಿಂತಿತು. ಅವಳ ಬೆನ್ನಿಗೂ ಕಾರಿಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಬ್ರೇಕಿನ ಕೆಂಪು ಬೆಳಕು ಎದುರಿನ ಗೋಡೆಯ ಮೇಲೆ ಬಿದ್ದಾಗಲೇ ಅವಳು ತಿರುಗಿ ನೋಡಿದ್ದು.

ಕಾರಿನವನು ಇಳಿದು ಬಂದು ಬಿಳಿಚಿಕೊಂಡು ನಿಂತ. ಕಾವಲುಗಾರ ಬೈಯಲು ಬಾಯಿ ತೆರೆದವನು, ನಾನು ಅವಳ ಜೊತೆ ಕೈಯಲ್ಲಿ ಮಾತಾಡುವುದನ್ನು ನೋಡಿ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ನಾನು ಅದೇ ದಿಂಡಿನ ಮೇಲೆ ಅವಳ ಪಕ್ಕ ಕೂತೆ. ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. ಏನಾಯಿತು ಎಂದು ಕೇಳಲಿಲ್ಲ. ಅವಳು ಕೇಳಿದ್ದು, "ಹೇಸರಗತ್ತೆ ಏನು ಹಾಡ್ತು?"

ಹೇಳಲು ಕೈ ಎತ್ತಿದೆ. ರಾಗ ನೆನಪಿತ್ತು. ದಪ್ಪ ದನಿ ನೆನಪಿತ್ತು. ಜನ ನಕ್ಕದ್ದು ನೆನಪಿತ್ತು. ಮಾತು ಒಂದೂ ನೆನಪಿರಲಿಲ್ಲ. ಮನೆಗೆ ಬಂದ ಮೇಲೆ, ಆ ಸಂಜೆ, ಅವಳು ಕೆಳಗಿನ ಮನೆಯ ಹುಡುಗಿಯನ್ನು ಕರೆಸಿದಳು. ಆ ಹುಡುಗಿ ಮೊದಲ ಸಾಲನ್ನು ಜೋರಾಗಿ ಹಾಡಿ, ಎರಡನೆಯದನ್ನು ಮೆಲ್ಲಗೆ ಹಾಡಿ, ಮುಂದಕ್ಕೆ ಲಾಲಾಲಾ ಎಂದು ತೇಲಿಸಿದಳು. ತುಟಿ ನೋಡುತ್ತಿದ್ದ ನನ್ನ ಮಗಳು ಆ ಲಾಲಾಲಾವನ್ನು ಹಿಡಿದುಬಿಟ್ಟಳು.

"ಅದು ಮಾತಲ್ಲ," ಅಂದಳು ಬಾಯಲ್ಲೇ.

"ಮಾತೆಲ್ಲ ಯಾರಿಗೆ ಗೊತ್ತಿರುತ್ತೆ ಮಾರಾಯ್ತಿ? ಚೆನ್ನಾಗಿತ್ತು ಅಷ್ಟೆ," ಅಂದಳು ಗೆಳತಿ.

ಮಗಳು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. ನಾವು ಕೇಳಿಸಿಕೊಂಡವರು. ನಮಗೂ ಗೊತ್ತಿಲ್ಲ. ಇಷ್ಟು ವರ್ಷ ನಾವು ಕಿವಿಯಿಂದ ಎಲ್ಲವನ್ನೂ ಹಿಡಿದು ಇಟ್ಟುಕೊಳ್ಳುತ್ತೇವೆ ಎಂದೇ ಅವಳು ತಿಳಿದಿದ್ದಿರಬೇಕು.

ಮಾರನೆಯ ದಿನದಿಂದ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಹಾಡು. ಪುಸ್ತಕದ ಹೇಸರಗತ್ತೆ ಯಾರಿಗೂ ಬೇಡ. ಕಿವಿ ಓದುವುದನ್ನು ಹೇಳಿಕೊಟ್ಟ ಹುಡುಗಿಗೆ ಈಗ ಗೆಳತಿಯರೇ, ಅದು ಹಾಡುತ್ತಲ್ಲ, ಕಿವಿ ಯಾಕೆ ಎಂದರಂತೆ. ಅವಳು ಅಳುತ್ತ ಬರಲಿಲ್ಲ. ಚೀಲ ಇಟ್ಟು, ಕೈಕಾಲು ತೊಳೆದು, ನನ್ನೆದುರು ಕೂತು ಹೇಳಿದಳು: ಆ ಸಿನಿಮಾವನ್ನು ಇನ್ನೊಂದು ಸಲ ನೋಡಬೇಕು. ಕೊನೆಯವರೆಗೆ. ಗೆಳತಿಯರು ಹಾಡುವ ಕನ್ನಡದಲ್ಲೇ ಒಂದೊಂದು ಹಾಡಿನ ಒಂದೊಂದು ಮಾತೂ ಬೇಕು. ಸಾರಾಂಶ ಬೇಡ.

ನಾನು ಆಗುವುದಿಲ್ಲ ಅಂದೆ. ಕಣ್ಣು ಮುಚ್ಚಿದರೆ ಗೋಡೆಯ ಮೇಲಿನ ಆ ಕೆಂಪು ಬೆಳಕು ಕಾಣುತ್ತಿತ್ತು. ಮನೆಯಲ್ಲೇ ಮೊಬೈಲಿನಲ್ಲಿ ಬಂದಾಗ ನೋಡೋಣ ಅಂದೆ. ಅವಳು ಎರಡೂ ಕೈಯನ್ನು ತಲೆಯ ಪಕ್ಕ ಮಲಗಿಸಿದಳು. ಗೆಳತಿಯರು ದೊಡ್ಡ ಪರದೆಯಲ್ಲಿ ನೋಡಿದ್ದಾರೆ. ಅವಳಿಗೂ ಅಷ್ಟೇ ದೊಡ್ಡದಾಗಿ ಬೇಕು. ಎರಡು ದಿನ ನಮ್ಮ ಮನೆಯಲ್ಲಿ ಈ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಭಾನುವಾರ ಭದ್ರಾವತಿಗೆ ಹೋದೆವು. ಅಪ್ಪಾಜಿ ನ್ಯೂ ಟೌನಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಕಾರ್ಖಾನೆಯ ಸದ್ದು ಅವರ ಕಿವಿಯನ್ನೂ ತಿಂದಿದೆ. ಎದುರಿಗೆ ನಿಂತು ಜೋರಾಗಿ ಮಾತಾಡಿದರೆ ಮಾತ್ರ ಅಷ್ಟಿಷ್ಟು ಕೇಳುತ್ತದೆ. ಅವರಿಗೂ ಯಂತ್ರ ಕೊಡಿಸಿದ್ದೇವೆ. ಅದು ಅಂಗಿಯ ಜೇಬಿನಲ್ಲಿ ಇರುತ್ತದೆ. ಕಿವಿಗೆ ಹಾಕಿಕೊಳ್ಳಿ ಎಂದರೆ, ಬಿದ್ದು ಹೋದರೆ ಎನ್ನುತ್ತಾರೆ. ಮಗಳು ಜಗಲಿಯಲ್ಲಿ ಅವರ ಎದುರು ಕೂತು ನಡೆದದ್ದನ್ನೆಲ್ಲ ಕೈಯಲ್ಲಿ ಹೇಳಿದಳು. ತುಟಿಯ ವಿಷಯ, ಕತ್ತಲೆಯ ವಿಷಯ, ಹೇಸರಗತ್ತೆಯ ವಿಷಯ. ಕಾರಿನದ್ದನ್ನು ಹೇಳಲಿಲ್ಲ. ಅದನ್ನು ನಾನು ಹೇಳಿದೆ. ಅವರು ಮೊಮ್ಮಗಳ ಮಣಿಕಟ್ಟು ಹಿಡಿದುಕೊಂಡರು.

"ಇಲ್ಲಿಗೂ ಬಂದಿದೆ ಆ ಪಿಚ್ಚರ್ರು," ಅಂದರು ಆಮೇಲೆ. "ಪೋಸ್ಟರ್ ನೋಡಿದೆ. ಕತ್ತೆ ಚಿತ್ರ ಇತ್ತು."

"ಹೇಸರಗತ್ತೆ," ಅಂದಳು ಮಗಳು, ಅವರ ತುಟಿ ನೋಡಿ.

"ಆಯ್ತಮ್ಮ, ಹೇಸರಗತ್ತೆ. ನಾನೂ ಬರ್ತೀನಿ."

ನಿಮಗೆ ಏನು ಕೇಳಿಸುತ್ತೆ ಅಪ್ಪಾಜಿ, ಸುಮ್ಮನೆ ಯಾಕೆ ಎಂದು ನಾನು ಕೇಳಿದೆ. ಆಗ ಅವರು ಹೇಳಿದ ಮಾತು ನನಗೆ ಹೊಸದು.

"ಏನೂ ಕೇಳ್ಸಲ್ಲ ಮಗಾ. ನಿಮ್ಮಮ್ಮನ ಜೊತೆ ಹೋಗ್ತಿದ್ದಾಗಲೂ ಅಷ್ಟೇ ಇತ್ತು. ಹತ್ತು ಜನ ನಕ್ರೆ ನಾನೂ ನಗ್ತಿದ್ದೆ. ಆಚೆ ಬಂದ ಮೇಲೆ ಅವಳು ಕಥೆ ಹೇಳ್ತಿದ್ಲು, ಹೌದು ಹೌದು ಅಂತಿದ್ದೆ."

ಮಗಳಿಗೆ ಇಷ್ಟೂ ತುಟಿಯಲ್ಲಿ ಸಿಗಲಿಲ್ಲ. ಅಜ್ಜ ಏನೆಂದರು ಎಂದು ನನ್ನನ್ನು ಕೇಳಿದಳು. ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಬರುವಾಗ ಅವರ ಹಳೆಯ ಟ್ರಂಕಿನಿಂದ ಬಿಳಿ ಬಟ್ಟೆಯ ಗ್ಲೌಸು ಹಿಡಿದುಕೊಂಡು ಬಂದಳು. ರಾತ್ರಿಪಾಳಿಯಲ್ಲಿ ಕೈ ಚೆನ್ನಾಗಿ ಕಾಣಲೆಂದು ಅವನ್ನು ಹಾಕಿಕೊಳ್ಳುತ್ತಿದ್ದೆ ಎಂದು ಅಪ್ಪಾಜಿ ಅವಳಿಗೆ ಚಿಕ್ಕಂದಿನಲ್ಲಿ ಕಥೆ ಹೇಳಿದ್ದರು. ನನ್ನ ಕೈಗೆ ತೊಡಿಸಿದಳು. ದೊಡ್ಡದಾಗಿದ್ದವು. ಬೆರಳ ತುದಿಗಳು ಮುಂದೆ ಜೋತುಬಿದ್ದು ನನ್ನ ಕೈ ಕೋಡಂಗಿಯ ಕೈ ಥರ ಕಂಡಿತು. ಅಪ್ಪಾಜಿ ನಕ್ಕು, ಬರೀ ಬಿಳಿ ಇದ್ದರೆ ಸಾಲದು, ಬೆಳಕೂ ಬೇಕು, ಟಾರ್ಚ್ ತರುತ್ತೇನೆ ಅಂದರು. ನಾನು ಇನ್ನೂ ಒಪ್ಪಿರಲಿಲ್ಲ. ಮಗಳು ನನ್ನ ಗ್ಲೌಸು ಹಾಕಿದ ಕೈ ಹಿಡಿದು ಒಂದು ಕರಾರು ಮಾಡಿದಳು: ಎಲ್ಲಿಗೇ ಏಳುವುದಿದ್ದರೂ ನಿನ್ನ ತೋಳು ತಟ್ಟಿ, ನೀನು ತಲೆ ಆಡಿಸಿದ ಮೇಲೇ ಏಳುತ್ತೇನೆ. ನನ್ನ ಕರಾರೂ ಒಂದಿತ್ತು: ಯಂತ್ರ ತೆಗೆಯಬಾರದು. ಇಬ್ಬರೂ ಒಪ್ಪಿದೆವು.

ಮುಂದಿನ ಭಾನುವಾರದವರೆಗೆ ನನಗೆ ಮಾಡಲು ಕೆಲಸವಿತ್ತು. ಕೆಲಸ ಮುಗಿಸಿ ನವುಲೆಯಿಂದ ಬಂದವಳೇ ಕೆಳಗಿನ ಮನೆಯ ಹುಡುಗಿಯ ಜೊತೆ ಮೊಬೈಲು ಮುಂದಿಟ್ಟುಕೊಂಡು ಕೂರುತ್ತಿದ್ದೆ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಮತ್ತೆ ಕೇಳುವುದು. ಹಾಡಿನ ಮಾತನ್ನು ಹಿಡಿಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ವಾದ್ಯಗಳ ಕೆಳಗೆ ಮಾತು ಅಡಗಿರುತ್ತದೆ. ನಾವು ರಾಗದ ಮೇಲೆ ಜಾರಿ ಹೋಗಿಬಿಡುತ್ತೇವೆ. ಕೆಲವು ಕಡೆ ಆ ಹುಡುಗಿ ಒಂದು ಹೇಳಿದರೆ ನಾನು ಇನ್ನೊಂದು ಹೇಳುತ್ತಿದ್ದೆ. "ಆಂಟಿ, ನಿಮ್ಮದು ರಾಂಗು, ಇನ್ನೊಂದ್ಸಲ ಹಾಕಿ" ಎಂದು ಅವಳು ಹಾಕಿಸುತ್ತಿದ್ದಳು. ಸಿಕ್ಕಿದ ಸಾಲನ್ನು ಮಗಳಿಗೆ ಹೇಳುತ್ತಿದ್ದೆವು. ಅದಕ್ಕೆ ಯಾವ ಸನ್ನೆ ಎಂದು ತೀರ್ಮಾನಿಸುತ್ತಿದ್ದವಳು ಅವಳು. ಜೋಗುಳದ ಹಾಡಿಗೆ ಅಜ್ಜನ 'ನಿಧಾನಕ್ಕೆ ಇಳಿಸು' ಸನ್ನೆ ಸಾಕು ಅಂದಳು. ಅಂಚೆ ಹುಡುಗಿ ತೂಗುಸೇತುವೆಯ ಮೇಲೆ ಹೆದರಿ ಹಾಡುವ ಕಡೆ, ಕ್ರೇನಿನಲ್ಲಿ ಭಾರ ನೇತಾಡುತ್ತಿರುವಾಗ ಯಾರೂ ಕೆಳಗೆ ಬರಬೇಡಿ ಎನ್ನುವ ಸನ್ನೆ ಹಾಕಿದಳು. ಸನ್ನೆ ಹಾಡಿಗಿಂತ ಉದ್ದವಾದರೆ ಕತ್ತರಿಸುತ್ತಿದ್ದಳು, ಆದರೆ ಅರ್ಥ ಬಿಡಲು ಒಪ್ಪುತ್ತಿರಲಿಲ್ಲ. ನನ್ನ ಮಣಿಕಟ್ಟು ನೋಯತೊಡಗಿತು. ಒಲೆಯ ಮುಂದೆ ನಿಂತಾಗಲೂ ಸೌಟು ಪಕ್ಕಕ್ಕಿಟ್ಟು ಅಭ್ಯಾಸ ಮಾಡುತ್ತಿದ್ದೆ.

ಹೇಸರಗತ್ತೆಯ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಅದು ಹಾಡಿದ್ದು ಇಷ್ಟು: ಬೆಟ್ಟದ ಮೇಲಿನವರಿಗೆ ಕಣಿವೆಯವರ ಕಾಗದ, ಕಣಿವೆಯವರಿಗೆ ಬೆಟ್ಟದವರ ಕಾಗದ, ಎಲ್ಲರದ್ದನ್ನೂ ಹೊತ್ತೆ; ನನ್ನ ಹೆಸರಿಗೆ ಮಾತ್ರ ಒಂದೂ ಬರಲಿಲ್ಲ. ಜನ ನಕ್ಕದ್ದು ಆ ಮಾತಿಗಲ್ಲ. ನಡುನಡುವೆ ಗಜ್ಜರಿ, ಅಂದರೆ ಕ್ಯಾರೆಟ್ಟಿನ ಬಗ್ಗೆ ಒಂದು ಪಲ್ಲವಿ ಬರುತ್ತದೆ, ಅದಕ್ಕೆ. ಮಗಳು ಇದನ್ನು ಕೇಳಿ ಕಪಾಟಿನಿಂದ ಮೂರನೆಯ ಪುಸ್ತಕ ತಂದು ಒಂದು ಪುಟ ತೆರೆದಳು. ಅಂಚೆ ಹುಡುಗಿ ಕಾಗದಗಳನ್ನು ಬೇರೆ ಬೇರೆ ಮಾಡುತ್ತಿದ್ದಾಳೆ, ಹೇಸರಗತ್ತೆ ಪಕ್ಕದಲ್ಲಿ ನಿಂತಿದೆ, ಎರಡೂ ಕಿವಿ ಮುಂದಕ್ಕೆ ಬಂದು, ಕೊನೆಯ ಕಾಗದ ಚೀಲಕ್ಕೆ ಹೋದ ಮೇಲೆ ಮೆಲ್ಲಗೆ ಪಕ್ಕಕ್ಕೆ ಬೀಳುತ್ತವೆ. ಅಷ್ಟೇ ಇದೆ ಅಲ್ಲಿ.

"ಇದೇ ಅದು," ಅಂದಳು. "ಇಲ್ಲೇ ಹೇಳಿತ್ತು. ಬಾಯಿ ಯಾಕೆ ತೆಗೀಬೇಕಿತ್ತು?"

ನಾನು ಪುಸ್ತಕ ತೆಗೆದುಕೊಂಡು ಆ ಪುಟವನ್ನು ಇನ್ನೊಂದು ಸಲ ಓದಿದೆ.

ಭದ್ರಾವತಿಯ ಥಿಯೇಟರು ಒಂದೇ ಪರದೆಯ ಹಳೆಯದು. ಮಧ್ಯಾಹ್ನದ ಆಟ, ಜನ ಹೆಚ್ಚಿರಲಿಲ್ಲ. ನಾವು ನಾಲ್ವರು: ಮಗಳು, ಗೆಳತಿ, ಅಪ್ಪಾಜಿ, ನಾನು. ಬಾಗಿಲಲ್ಲಿ ಟಿಕೆಟ್ ಹರಿಯುವವನು ಅಪ್ಪಾಜಿಯ ಕೈಯಲ್ಲಿದ್ದ ಟಾರ್ಚನ್ನು ನೋಡಿ ತಡೆದ. ಒಳಗೆ ಲೈಟ್ ಹಾಕುವ ಹಾಗಿಲ್ಲ, ಯಾರಾದರೂ ಶೂಟ್ ಮಾಡಿಕೊಂಡರೆ ತನ್ನ ಕೆಲಸ ಹೋಗುತ್ತದೆ ಅಂದ.

"ಇದ್ರಲ್ಲಿ ಶೂಟ್ ಮಾಡೋಕಾಗುತ್ತೇನೋ ಮಾರಾಯ?" ಅಂದರು ಅಪ್ಪಾಜಿ, ಟಾರ್ಚಿನ ಹಿಂಬದಿ ಬಿಚ್ಚಿ ಸೆಲ್ಲು ತೋರಿಸುತ್ತ. "ನೋಡು, ಎರಡು ಸೆಲ್ಲು. ಇನ್ನೇನಿಲ್ಲ."

"ರೂಲ್ಸ್ ಅಣ್ಣಾ."

ನಾನು ವಿಷಯ ವಿವರಿಸಲು ಹೊರಟೆ. ಮಗಳು ನನ್ನನ್ನು ಪಕ್ಕಕ್ಕೆ ಸರಿಸಿದಳು. ಕಿವಿಯ ಯಂತ್ರವನ್ನು ಅವನಿಗೆ ತೋರಿಸಿ, ಅಜ್ಜನ ಜೇಬಿನಿಂದ ಅವರದ್ದನ್ನೂ ಎತ್ತಿ ತೋರಿಸಿ, ತನ್ನ ಬಾಯಿಂದಲೇ ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

"ಅಮ್ಮ ಕೈಯಲ್ಲಿ ಹಾಡ್ತಾರೆ. ನಾವಿಬ್ರು ನೋಡ್ಬೇಕು."

ಹೊರಗಿನವರ ಎದುರು ಅಷ್ಟು ಉದ್ದದ ಮಾತನ್ನು ಅವಳು ಆಡಿದ್ದನ್ನು ನಾನು ಕಂಡಿರಲಿಲ್ಲ. ಅವನಿಗೆ ಅರ್ಧ ಅರ್ಥವಾಯಿತೋ ಪೂರ್ತಿಯೋ ಗೊತ್ತಿಲ್ಲ. ಬಾಗಿಲಿನ ಪರದೆ ಎತ್ತಿ ಹಿಡಿದು, ಎಲ್ಲಕ್ಕಿಂತ ಹಿಂದಿನ ಸಾಲಿನ ಮೂಲೆಯಲ್ಲಿ ಕೂತರೆ ಯಾರಿಗೂ ತೊಂದರೆ ಇಲ್ಲ ಅಂದ.

ಮೂಲೆಯ ಕುರ್ಚಿಯಲ್ಲಿ ಅಪ್ಪಾಜಿ, ಅವರ ಪಕ್ಕ ಮಗಳು, ಅವಳ ಗೆಳತಿ. ನಾನು ಅವರ ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿ ಕೂತೆ. ನನ್ನ ತಲೆ ಪರದೆಗೆ ಅಡ್ಡ ಬರದಂತೆ ಒಂದು ಪಕ್ಕಕ್ಕೆ ಸರಿದೆ. ಕುರ್ಚಿಯ ಬೆನ್ನಿನ ಮೇಲೆ ಕೈ. ಅಪ್ಪಾಜಿ ಟಾರ್ಚಿಗೆ ಕರವಸ್ತ್ರ ಸುತ್ತಿ ಕೆಳಗಿನಿಂದ ನನ್ನ ಗ್ಲೌಸಿನ ಮೇಲೆ ಹಿಡಿದರು. ಬೆಳಕು ಹಳದಿಯಾಗಿ, ಬೇರೆಲ್ಲೂ ಚೆಲ್ಲದೆ ಕೈಯ ಮೇಲಷ್ಟೇ ಬಿತ್ತು. ಸಿನಿಮಾ ನನ್ನ ಬೆನ್ನ ಹಿಂದೆ ನಡೆಯಿತು. ನಾನು ಕೇಳುತ್ತಿದ್ದೆ, ಹೇಳುತ್ತಿದ್ದೆ, ಅವರ ಮುಖ ನೋಡುತ್ತಿದ್ದೆ.

ಮೊದಲ ಹಾಡಿನಲ್ಲಿ ನಾನು ಎರಡು ಕಡೆ ಹಿಂದೆ ಬಿದ್ದೆ. ಮಗಳು ಬೆರಳು ಸುತ್ತಿಸಿದಳು: ಎತ್ತು, ಬೇಗ. ಎರಡನೆಯದರಲ್ಲಿ ಕೈ ಹಿಡಿತಕ್ಕೆ ಬಂತು. ಗೆಳತಿ ಜೊತೆಗೆ ಹಾಡತೊಡಗಿದಾಗ ಮಗಳು ಅವಳ ಬಾಯಿ ಮುಚ್ಚಿದಳು. ಅವಳ ತುಟಿ ಆಡುತ್ತಿದ್ದರೆ ನನ್ನ ಕೈಯ ಮೇಲೆ ಗಮನ ನಿಲ್ಲುತ್ತಿರಲಿಲ್ಲವಂತೆ. ತೂಗುಸೇತುವೆಯ ಹಾಡಿಗೆ ನಾನು ಆ ಕ್ರೇನಿನ ಸನ್ನೆ ಮಾಡಿದಾಗ ಅಪ್ಪಾಜಿಯ ಟಾರ್ಚು ಒಮ್ಮೆ ಅಲುಗಿತು. ಅವರು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಿದ್ದರು, ಮೇಲಿಂದ ಏನೋ ಬೀಳುತ್ತದೆ ಎನ್ನುವ ಹಾಗೆ. ಆಮೇಲೆ ತಮಗೆ ತಾವೇ ತಲೆ ಆಡಿಸಿಕೊಂಡು ಬೆಳಕನ್ನು ಸರಿ ಮಾಡಿದರು. ಜೋಗುಳದಲ್ಲಿ ಅವರ ಕಣ್ಣು ಒದ್ದೆಯಾದದ್ದು ನನಗೆ ಕಂಡಿತು.

ಹೇಸರಗತ್ತೆಯ ಹಾಡಿನ ವಾದ್ಯ ಶುರುವಾಯಿತು. ನಾನು ಕೈ ಎತ್ತಿದೆ. ಬೆಟ್ಟದವರಿಗೆ ಕಣಿವೆಯವರ ಕಾಗದ, ಕಣಿವೆಯವರಿಗೆ ಬೆಟ್ಟದವರ ಕಾಗದ. ಅಪ್ಪಾಜಿ ನನ್ನ ಕೈಯನ್ನೇ ನೋಡುತ್ತಿದ್ದರು. ಮಗಳು ನೋಡುತ್ತಿರಲಿಲ್ಲ. ಮಾತು ಅವಳಿಗೆ ಆಗಲೇ ಗೊತ್ತಿತ್ತು. ಅವಳು ನನ್ನ ಭುಜದ ಮೇಲಿಂದ ಪರದೆಯನ್ನು ನೋಡುತ್ತಿದ್ದಳು, ಹುಬ್ಬು ಗಂಟಿಕ್ಕಿಕೊಂಡು, ಪುಸ್ತಕ ಓದುವಾಗ ಕೂರುವ ಹಾಗೆ. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚಿತು.

ನನ್ನ ಹೆಸರಿಗೆ ಮಾತ್ರ ಒಂದೂ ಬರಲಿಲ್ಲ ಎನ್ನುವ ಸಾಲು ಬಂತು. ಹಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ಗಜ್ಜರಿಯ ಪಲ್ಲವಿ ಇನ್ನೂ ಬಂದಿರಲಿಲ್ಲ. ಅವಳು ನಕ್ಕಳು. ದೊಡ್ಡದಾಗಿ, ಮನೆಯಲ್ಲಿ ನಗುವ ಅವಳದೇ ಸದ್ದಿನಲ್ಲಿ ನಕ್ಕಳು. ಮುಂದಿನ ಸಾಲುಗಳ ತಲೆಗಳು ತಿರುಗಿದವು. ಅವಳು ಅವನ್ನು ಲೆಕ್ಕಿಸಲಿಲ್ಲ.

ಅಪ್ಪಾಜಿ ಟಾರ್ಚಿನ ಕೈಯಿಂದಲೇ ಅವಳನ್ನು ಮುಟ್ಟಿ, ಏನು ಎಂದು ಗದ್ದ ಎತ್ತಿದರು. ಅವಳು ತನ್ನ ಎರಡು ಕೈಯನ್ನು ತಲೆಯ ಪಕ್ಕ ಕಿವಿ ಮಾಡಿ ಹಿಡಿದಳು. ಆ ಕಿವಿಗಳು ಪಕ್ಕಕ್ಕೆ ಬೀಳಲಿಲ್ಲ. ನೆಟ್ಟಗೆ ಮುಂದಕ್ಕೆ ಬಂದು, ಕುಣಿದು, ಪರದೆಯ ಒಂದು ಮೂಲೆಯ ಕಡೆ ತಿರುಗಿದವು. ಆಮೇಲೆ ಅವಳ ಕೈ ಹೇಳಿತು, "ಅಲ್ಲಿ, ಪರದೆ ಆಚೆ, ಯಾರೋ ಅದಕ್ಕೆ ತಿನ್ನೋಕೆ ಹಿಡ್ಕೊಂಡು ನಿಂತಿದಾರೆ. ಬಾಯಿ ಅಳ್ತಿದೆ. ಕಿವಿಗೆ ಹಸಿವು."

ಅಪ್ಪಾಜಿ ಪರದೆ ನೋಡಿದರು. ಮತ್ತೊಮ್ಮೆ ನೋಡಿದರು. ಆ ಕಿವಿ ಅವರಿಗೂ ಕಂಡಿತು. ಟಾರ್ಚು ತೊಡೆಯ ಮೇಲೆ ಬಿತ್ತು, ನನ್ನ ಕೈ ಕತ್ತಲಾಯಿತು, ಅಜ್ಜ ಮೊಮ್ಮಗಳು ಭುಜಕ್ಕೆ ಭುಜ ತಾಗಿಸಿ ನಗತೊಡಗಿದರು. ನಾನು ತಿರುಗುವಷ್ಟರಲ್ಲಿ ಚಿತ್ರ ಬದಲಾಗಿ ಬರೀ ಬೆಟ್ಟ ಇತ್ತು.

"ಏನು? ಎಲ್ಲಿ?" ಎಂದು ಕೇಳಿದೆ, ಬಾಯಲ್ಲೂ ಕೈಯಲ್ಲೂ.

ಮಗಳು ಟಾರ್ಚನ್ನು ತಾನೇ ಎತ್ತಿ ಹಿಡಿದಳು. ಬೆಳಕು ನನ್ನ ಗ್ಲೌಸಿನ ಮೇಲೆ ಮತ್ತೆ ಬಿತ್ತು. ಇನ್ನೊಂದು ಅಂಗೈಯನ್ನು ಬಿಡಿಸಿ ನನ್ನ ಕಡೆ ಚಾಚಿದಳು: ನಿಲ್ಲು. ಹಾಡು ಇನ್ನೂ ಮುಗಿದಿರಲಿಲ್ಲ. ಅಜ್ಜನನ್ನು ತೋರಿಸಿದಳು. ಅವರಿಗೆ ಗಜ್ಜರಿಯ ಪಲ್ಲವಿ ಹೇಳುವುದು ಬಾಕಿ ಇತ್ತು.

ನಾನು ಕೈ ಎತ್ತಿದೆ.